ಎಲೆಕ್ಟ್ರಾನುಗಳನ್ನು ಅಲೆಗೆ ಹತ್ತಿಸಿದ ದಿನಗಳು

ಹೊಸದಾಗಿ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ಮೊದಲೇ ಹೇಳಿಬಿಡುತ್ತೇನೆ. ನಿಮಗೆ ಎಲೆಕ್ಟ್ರಾನು ಕಣ್ಣಿಗೆ ಕಾಣುವುದಿಲ್ಲ. ಅದು ಏರಬೇಕಾದ ಪ್ಲಾಸ್ಮಾದ ಅಲೆಯೂ ಕಾಣುವುದಿಲ್ಲ. ಕಾಣುವುದು ಕೊನೆಯಲ್ಲಿಟ್ಟ ಪರದೆಯ ಮೇಲೆ ಬೀಳುವ ಒಂದು ಹಸಿರು ಚುಕ್ಕಿ ಮಾತ್ರ. ಆ ಚುಕ್ಕಿಗಾಗಿ ನಾನು ಕೂದಲು ಬೆಳ್ಳಗೆ ಮಾಡಿಕೊಂಡಿದ್ದೇನೆ, ಕಂಡಕಂಡವರ ಮೇಲೆ ಹರಿಹಾಯ್ದಿದ್ದೇನೆ. ನಿವೃತ್ತಳಾಗಿ ಸುರಪುರದ ಮನೆಯಲ್ಲಿ ಕುಳಿತಿರುವ ಈಗಲೂ ಯಾರಾದರೂ ಅದರ ಸುದ್ದಿ ತೆಗೆದರೆ ನನ್ನ ದನಿ ಓಣಿಗೆಲ್ಲ ಕೇಳಿಸುತ್ತದೆ ಎಂದು ಮನೆಯವರ ದೂರು.

ಬಡ್ತಿ, ಸನ್ಮಾನದ ಶಾಲು ಇವನ್ನೆಲ್ಲ ಬರೆಯುವುದಿಲ್ಲ. ಅವು ಎಲ್ಲರಿಗೂ ಆಗುವಂಥವೇ. ನಾನು ಬರೆಯಹೊರಟಿರುವುದು ನನ್ನ ಇಂಜೆಕ್ಟರನ್ನು ಬಿಚ್ಚಿ ಗೋದಾಮಿಗೆ ಸಾಗಿಸುವುದು ಹೆಚ್ಚುಕಡಿಮೆ ಖಾತ್ರಿಯಾಗಿದ್ದ ಒಂದು ವರ್ಷದ ಬಗ್ಗೆ. ಆ ಯಂತ್ರ ಉಳಿಯುತ್ತದೆಯೋ ಇಲ್ಲವೋ ಎಂಬ ಒಂದೇ ಚಿಂತೆಯಲ್ಲಿ ನಾನು ಆ ವರ್ಷ ಉಂಡದ್ದೂ ನೆನಪಿಲ್ಲ, ಮಲಗಿದ್ದೂ ನೆನಪಿಲ್ಲ.

ನಮ್ಮ ಪ್ರಯೋಗಾಲಯ ಶಹಾಪುರದಿಂದ ಸುರಪುರಕ್ಕೆ ಬರುವ ದಾರಿಯಲ್ಲಿ, ಬರೀ ಬಂಡೆಯ ಮೇಲೆ ಕಟ್ಟಿದ್ದು. ಲೇಸರಿಗೆ ಅಲುಗಾಟ ಆಗಿಬರುವುದಿಲ್ಲ, ನೆಲ ಗಟ್ಟಿ ಇರಬೇಕು. ಗಟ್ಟಿ ನೆಲಕ್ಕೆ ನಮ್ಮ ಕಡೆ ಏನೂ ಕೊರತೆ ಇಲ್ಲವಲ್ಲ! ಒಳಗೆ ನಾವು ಮಾಡುತ್ತಿದ್ದುದು ಇಷ್ಟು. ನೀಲಮಣಿಯ ತುಂಡಿನಲ್ಲಿ ಕೊರೆದ ಸಣ್ಣ ಕೊಳವೆಗೆ ಹೈಡ್ರೋಜನ್ ತುಂಬಿ, ವಿದ್ಯುತ್ ಹರಿಸಿ ಅದನ್ನು ಪ್ಲಾಸ್ಮಾ ಮಾಡುವುದು, ಅಂದರೆ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಬಿಡಿಸಿ ಹಾಕುವುದು. ಅದರೊಳಗೆ ಲೇಸರಿನ ಒಂದು ಮಿಂಚನ್ನು ಹಾಯಿಸಿದರೆ, ಕೃಷ್ಣೆಯಲ್ಲಿ ದೋಣಿಯ ಹಿಂದೆ ನೀರು ಏಳುವಂತೆ ಅದರ ಹಿಂದೆ ಅಲೆ ಏಳುತ್ತದೆ. ಆ ಅಲೆಗೆ ಎಲೆಕ್ಟ್ರಾನುಗಳ ಒಂದು ಗುಂಪನ್ನು ಹತ್ತಿಸಿದರೆ, ದೊಡ್ಡ ವೇಗವರ್ಧಕಗಳು ಊರುದ್ದದ ಸುರಂಗದಲ್ಲಿ ಕೊಡುವ ಶಕ್ತಿಯನ್ನು ಅದು ಗೇಣು ಮೊಳದಲ್ಲಿ ಕೊಟ್ಟುಬಿಡುತ್ತದೆ. ಮೊದಲ ಸಲ ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಅಂಗಳದಲ್ಲಿ ಸುತ್ತು ಹೊಡೆದಿದ್ದೆ, ಕುಳಿತಲ್ಲಿ ಕೂರಲಾಗದೆ.

ಹತ್ತಿಸುವುದೇ ನನ್ನ ಕೆಲಸ. ಇಂಜೆಕ್ಟರ್ ಅಂದರೆ ಹತ್ತಿಸುವ ಯಂತ್ರ. ತಾಮ್ರದ ತಟ್ಟೆಗೆ ಬೆಳಕು ಬಿಟ್ಟು ಎಲೆಕ್ಟ್ರಾನುಗಳನ್ನು ಹೊರಡಿಸುವ ಗನ್ನು, ಅವನ್ನು ಓಡಿಸಲು ಮೈಕ್ರೋವೇವ್, ಹಿಡಿದು ಕೊಳವೆಯ ಬಾಯಿಗೆ ತರಲು ಅಯಸ್ಕಾಂತಗಳು. ಆ ಅಲೆಯ ಉದ್ದ ಒಂದು ಕೂದಲಿನ ದಪ್ಪದಷ್ಟು. ಗುಂಪು ಒಂದು ಕ್ಷಣದ ಕೋಟಿಯ ಕೋಟಿ ಪಾಲಿನಷ್ಟು ಹಿಂದೆ ಮುಂದೆ ಆದರೂ ಅಲೆ ಅದನ್ನು ಹೊತ್ತೊಯ್ಯುವ ಬದಲು ಪಕ್ಕಕ್ಕೆ ಚೆಲ್ಲಿಬಿಡುತ್ತದೆ.

ಅವ್ವ ಒಮ್ಮೆ ಕೇಳಿದಳು. "ದಿನಾ ಅಷ್ಟ ದೂರ ಹೋಗಿ ಏನ್ ಮಾಡ್ತೀಯವಾ?"

"ಓಡೋ ಬಸ್ಸಿಗೆ ಮಂದೀನ ಹತ್ತಸ್ತೀನಬೇ. ಆ ಬಸ್ ಎಲ್ಲೂ ನಿಲ್ಲಂಗಿಲ್ಲ."

"ಬೀಳ್ತಾರಲ್ಲವಾ!"

"ನಿಂತಲ್ಲಿಂದ ಹತ್ತಿದ್ರ ಬೀಳ್ತಾರ. ಅದಕ್ಕ ನಾ ಮೊದಲ ಬಾಜೂಕ ಅಷ್ಟ ಜೋರು ಓಡಸ್ತೀನಿ. ಬಾಗಲಾ ಎದುರಿಗೆ ಬಂದಾಗ ಬರೊಬ್ಬರಿ ಕಾಲಿಡಬೇಕು."

ಅವ್ವ, "ಯಾರರ ಬಿದ್ರ ಹೆಸರ ನಿಂದಽ ಕೆಡ್ತದ, ನೋಡ್ಕೊಂಡ್ ಮಾಡು" ಎಂದಳು. ನನ್ನ ಹುದ್ದೆಯನ್ನು ಯಾವ ಕಚೇರಿಯೂ ಇಷ್ಟು ಸರಿಯಾಗಿ ವಿವರಿಸಲಿಲ್ಲ.

ನಮ್ಮ ಮುಖ್ಯಸ್ಥರು ನರಸಿಂಹಮೂರ್ತಿ ಸರ್, ಮೈಸೂರು ಕಡೆಯವರು. ಯಾದಗಿರಿಯಲ್ಲಿ ಮನೆ ಮಾಡಿದ್ದರು, ಊರಿಗೆ ಹೋಗಿಬರಲು ರೈಲು ಅನುಕೂಲವೆಂದು. ಬಹಳ ಮೆತ್ತಗಿನ ಮನುಷ್ಯ. ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ಗಾಬರಿಯಾಗಿ ಕೋಣೆಯಿಂದ ಹೊರಗೆ ಓಡಿಬಂದರು. "ಯಾಕ್ರೀ, ಏನಾಯ್ತು? ದಯವಿಟ್ಟು ಜಗಳ ಆಡ್ಬೇಡಿ!" ನಾನು ಮತ್ತು ಶಹಾಪುರದ ಮೆಹಬೂಬ್ ಸಾಬ್ರು ಮುಖಮುಖ ನೋಡಿಕೊಂಡೆವು. ಮೆಹಬೂಬ್ ಸಾಬ್ರು ನಮ್ಮ ಲೇಸರಿನ ಎಂಜಿನಿಯರು, ನನಗಿಂತ ಒಂದು ಕೈ ಜೋರು ದನಿ. "ಜಗಳ ಎಲ್ಲದ್ರಿ ಸರ್? ಪುಂಡಿಪಲ್ಯ ತಂದೀರೇನ್ರಿ ಅಂತ ಬಾಯಾರಿಗೆ ಕೇಳಾಕತ್ತಿದ್ದೆ" ಎಂದರು. ಬಾಯಾರು ಅಂದರೆ ನಾನು, ಕಸ್ತೂರಿಬಾಯಿ. ಸರ್ ನಾಚಿಕೊಂಡು ಒಳಗೆ ಹೋದರು. ಮುಂದೆ ಅವರಿಗೂ ರೂಢಿಯಾಯಿತು, ನಿಜವಾದ ಜಗಳ ನಡೆದಾಗಲೂ ಹೊರಗೆ ಬರುವುದನ್ನು ಬಿಟ್ಟರು.

ಮೆಹಬೂಬ್ ಸಾಬ್ರಿಗೂ ನನಗೂ ಸದಾ ಒಂದು ಪೈಪೋಟಿ ಇತ್ತು. ಅಲೆ ಎಬ್ಬಿಸುವುದು ಅವರ ಲೇಸರು, ಅದನ್ನು ಏರುವುದು ನನ್ನ ಎಲೆಕ್ಟ್ರಾನು. ಹಾಗಾದರೆ ಚುಕ್ಕಿ ಯಾರದು? ಚುಕ್ಕಿಯೇ ಇನ್ನೂ ಬಿದ್ದಿರಲಿಲ್ಲ, ನಾವು ಆಗಲೇ ಪಾಲಿಗೆ ಕೂತಿದ್ದೆವು.

ಕೊನೆಗೊಂದು ದಿನ ಬಿತ್ತು! ಪರದೆಯ ಮೇಲೆ, ಎಲ್ಲಿ ಬೀಳಬೇಕೆಂದು ಲೆಕ್ಕ ಹಾಕಿದ್ದೆವೋ ಅದಕ್ಕಿಂತಲೂ ಆಚೆ, ಹಸಿರಾಗಿ ಹೊಳೆಯಿತು. ಕೊಳವೆಯಾಚೆ ಒಂದು ದೊಡ್ಡ ಅಯಸ್ಕಾಂತವಿದೆ. ಶಕ್ತಿ ಹೆಚ್ಚಿದ್ದ ಎಲೆಕ್ಟ್ರಾನು ಅದರಲ್ಲಿ ಕಡಿಮೆ ಬಾಗುತ್ತದೆ, ಹಾಗಾಗಿ ಚುಕ್ಕಿ ಬಿದ್ದ ಜಾಗ ನೋಡಿದರೆ ಶಕ್ತಿ ತಿಳಿಯುತ್ತದೆ. ನನ್ನ ಇಂಜೆಕ್ಟರು ಕೊಟ್ಟದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು! ನಾನು ಕಿರುಚಿದೆ. ಮೆಹಬೂಬ್ ಸಾಬ್ರು ಕುರ್ಚಿ ಎತ್ತಿಹಿಡಿದು ಕುಣಿದರು. ಸುರಪುರದಿಂದ ಪೇಢೆ ಬಂತು, ಲೆಕ್ಕಪತ್ರದ ವಿಭಾಗದವರೂ ಬಂದು ಕೈ ಕುಲುಕಿ ತಿಂದು ಹೋದರು. ಸರ್ ಅಂದೇ ಮೇಲಿನವರಿಗೆ ಫೋನು ಮಾಡಿ, ಹೊರಗಿನಿಂದ ತಂದ ಎಲೆಕ್ಟ್ರಾನುಗಳನ್ನು ಪ್ಲಾಸ್ಮಾದ ಅಲೆಗೆ ಹತ್ತಿಸಿದ್ದೇವೆ ಎಂದು ತಿಳಿಸಿದರು. ಚುಕ್ಕಿ ಸ್ವಲ್ಪ ಹರಡಿಕೊಂಡಂತೆ ಇತ್ತು, ನಿಜ. ಅಂಥ ಖುಷಿಯಲ್ಲಿ ಅದನ್ನು ಯಾರು ನೋಡುತ್ತಾರೆ?

ಅದಾಗಿ ಕೆಲವೇ ದಿನಗಳಲ್ಲಿ, ಒಂದು ಮಧ್ಯಾಹ್ನ ವೋಲ್ಟೇಜು ಕುಸಿದು ನನ್ನ ಮೈಕ್ರೋವೇವ್ ಟ್ರಿಪ್ ಆಯಿತು. ನಾನು ವಿದ್ಯುತ್ ವಿಭಾಗದವರನ್ನು ಕರೆಯಲೆಂದು ಫೋನು ಹಿಡಿದುಕೊಂಡಿದ್ದೆ. ಅತ್ತ ಮೆಹಬೂಬ್ ಸಾಬ್ರು ಲೇಸರು ಸರಿ ಮಾಡಲೆಂದು ಒಂದು ಶಾಟ್, ಅಂದರೆ ಲೇಸರಿನ ಒಂದು ಮಿಂಚು, ಹೊಡೆದರು. ಮರುಕ್ಷಣ ಅವರ ಕೂಗು ಕೇಳಿತು.

"ಬಾಯಾರ! ಬಂತ್ರಿ, ಬೀಮ್ ಬಂತು! ಎಷ್ಟ್ ಚಂದ ಬಂದದ ನೋಡ್ರಿ!"

"ಹೆಂಗ್ ಬರ್ತದ್ರಿ? ನನ್ನ ಗನ್ ಬಂದ್ ಅದ!"

"ಬಂದ್ ಇದ್ರೂ ಬಂತಲ್ರಿ!"

ಅವರು ಇನ್ನೂ ನಗುತ್ತಿದ್ದರು. ನಾನು ಫೋನು ಇಟ್ಟುಬಿಟ್ಟೆ. ಬಸ್ಸಿಗೆ ನಾನು ಒಬ್ಬರನ್ನೂ ಹತ್ತಿಸಿಲ್ಲ, ಆದರೂ ಬಸ್ಸು ತುಂಬಿ ಬಂದಿದೆ. ಅಂದರೆ ಒಳಗಿರುವವರು ನನ್ನ ಮಂದಿ ಅಲ್ಲ! ಅಲೆ ತೀರ ಜೋರಾಗಿ ಎದ್ದಾಗ ಪ್ಲಾಸ್ಮಾದಲ್ಲೇ ಇದ್ದ ಎಲೆಕ್ಟ್ರಾನುಗಳು ತಾವಾಗಿ ಸಿಕ್ಕಿಕೊಂಡು ಓಡುತ್ತವೆ. ಪೇಢೆ ಹಂಚಿದ್ದು ಅವುಗಳಿಗೆ.

ನೀವು ಕೇಳುತ್ತೀರಿ, ಇಷ್ಟು ಜನ ಓದಿದವರಿದ್ದು ಗನ್ನು ಬಂದ್ ಮಾಡಿ ಒಂದು ಸಲ ನೋಡಬಾರದಿತ್ತೇ ಎಂದು. ನಮ್ಮಲ್ಲಿ ಸುರಕ್ಷತೆಗಾಗಿ ಇಡೀ ಯಂತ್ರಕ್ಕೆ ಒಂದೇ ಚಾವಿ ಇಟ್ಟಿದ್ದರು. ವಿಕಿರಣದ ಹಾಲ್ ಖಾಲಿ ಮಾಡಿ, ಬಾಗಿಲು ಹಾಕಿ, ಚಾವಿ ತಿರುಗಿಸಿದರೆ ಲೇಸರು ಮತ್ತು ಇಂಜೆಕ್ಟರು ಎರಡೂ ಕೂಡಿಯೇ ಚಾಲೂ ಆಗಬೇಕು, ಕೂಡಿಯೇ ಬಂದ್ ಆಗಬೇಕು. ಜೀವ ಕಾಯಲು ಮಾಡಿದ ವ್ಯವಸ್ಥೆ, ಒಳ್ಳೆಯದೇ. ಆದರೆ ಒಂದನ್ನು ಬಿಟ್ಟು ಇನ್ನೊಂದನ್ನು ಓಡಿಸುವ ಯೋಚನೆಯೇ ನಮಗೆ ಬರದಂತೆ ಅದು ಮಾಡಿಬಿಟ್ಟಿತ್ತು. ಅವತ್ತು ಚಾವಿ ಹಾಗೇ ಇದ್ದು ಮೈಕ್ರೋವೇವ್ ಒಂದೇ ನಿಂತಿದ್ದರಿಂದ ಗುಟ್ಟು ಬಯಲಾಯಿತು.

ಸರ್ ತಲೆ ಮೇಲೆ ಕೈಹೊತ್ತು ಕುಳಿತರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು. "ನೋಡಿ ಕಸ್ತೂರಿಬಾಯಿ, ಪ್ಲಾಸ್ಮಾ ತಾನಾಗೇ ಎಲೆಕ್ಟ್ರಾನ್ ಕೊಡುತ್ತೆ ಅಂದಮೇಲೆ ನಿಮ್ಮ ಇಂಜೆಕ್ಟರ್ ಯಾಕೆ ಬೇಕು? ಅರ್ಧ ಹಾಲ್ ಅದೇ ತುಂಬಿಕೊಂಡಿದೆ. ತೆಗೆದು ಆ ಜಾಗದಲ್ಲಿ ಲೇಸರನ್ನ ದೊಡ್ಡದು ಮಾಡೋಣ."

"ಅವು ಕರೀದೆ ಬಂದ ಮಂದಿ ಸರ್," ನಾನು ಕೂಗಿಯೇ ಹೇಳಿದೆ. "ಯಾವಾಗ ಬರ್ತಾವೋ ಗೊತ್ತಿಲ್ಲ, ಎಷ್ಟು ಬರ್ತಾವೋ ಗೊತ್ತಿಲ್ಲ. ಒಂದು ಮುಂದ, ಒಂದು ಹಿಂದ. ಆ ಚುಕ್ಕಿ ಹೆಂಗ್ ಹರಡ್ಯದ ನೀವೇ ನೋಡೀರಿ. ನಾ ಹತ್ತಿಸಿದ್ವು ಎಲ್ಲಾ ಕೂಡೇ ಹತ್ತಿ ಕೂಡೇ ಇಳೀತಾವ. ನಾಳೆ ಒಂದರ ಮುಂದ ಒಂದು ಪ್ಲಾಸ್ಮಾ ಕೊಳವಿ ಜೋಡಸ್ತೀರಲ್ಲ, ಆಗ ಈ ಗದ್ದಲದ ಮಂದೀನ ಎಲ್ಲಿ ಒಯ್ತೀರಿ?"

"ತೋರಿಸಿ ಹಾಗಾದ್ರೆ. ಬೇಸಿಗೆ ಮುಗಿಯೋ ಹೊತ್ತಿಗೆ ಪರಿಶೀಲನಾ ಸಮಿತಿ ಬರುತ್ತೆ. ಯಂತ್ರ ತೆಗೆಯೋ ಪ್ರಸ್ತಾಪ ಆಗಲೇ ಅವರ ಮುಂದಿಟ್ಟಿರ್ತೀನಿ. ಅಷ್ಟರಲ್ಲಿ ತೋರಿಸಿದರೆ ನೋಡೋಣ."

ತೋರಿಸುವುದು ಹೇಗೆ? ಹಸಿರು ಚುಕ್ಕಿ ಬಿದ್ದರೆ ಅದು ನನ್ನದೋ ಪ್ಲಾಸ್ಮಾದ್ದೋ ಹೇಳಲಾಗದು. ಹಾಗಾದರೆ ಮೊದಲು ಪ್ಲಾಸ್ಮಾದ ಎಲೆಕ್ಟ್ರಾನು ಒಂದೂ ಬರದಂತೆ ಮಾಡಬೇಕು, ಪರದೆ ಪೂರ್ತಿ ಕಪ್ಪಾಗಬೇಕು. ಆಮೇಲೆ ನಾನು ಗನ್ನು ತೆರೆದಾಗ ಚುಕ್ಕಿ ಬಿದ್ದರೆ ಅದು ನಮ್ಮದು. ಅನಿಲವನ್ನು ತೆಳುವು ಮಾಡಿದರೆ ಅಲೆ ಸೌಮ್ಯವಾಗಿ ಏಳುತ್ತದೆ, ತಾನಾಗಿ ಯಾರನ್ನೂ ಎಳೆದುಕೊಳ್ಳುವುದಿಲ್ಲ. ಅಷ್ಟೇ ಅಲ್ಲ, ಅಲೆ ಉದ್ದವೂ ಆಗುತ್ತದೆ, ಹತ್ತಿಸಲು ನನಗೆ ಜಾಗ ಸಿಗುತ್ತದೆ.

ಇದನ್ನು ಮೆಹಬೂಬ್ ಸಾಬ್ರಿಗೆ ಹೇಳುವುದು ಎಷ್ಟು ಕಷ್ಟವಾಯಿತು ಗೊತ್ತೇ! ಅವರ ಲೇಸರಿನಿಂದ ಬಂದ ಚುಕ್ಕಿ ಅದು. ಅದನ್ನು ಅವರ ಕೈಯಿಂದಲೇ ಆರಿಸಬೇಕಿತ್ತು.

"ಹಚ್ಚಿದ ದೀಪ ಊದು ಅಂತೀರಲ್ರಿ ಬಾಯಾರ."

"ಊದ್ರಿ ಸಾಬ್ರ. ಮತ್ತ ಹಚ್ಚೋಣ."

"ಮತ್ತ ಹತ್ತಲಿಲ್ಲಂದ್ರ?"

"ನನ್ನ ಯಂತ್ರ ಗೋದಾಮಿಗೆ ಹೋಗ್ತದ. ನಿಮ್ದು ಮತ್ತ ಹತ್ತೇ ಹತ್ತತದ. ಹೆದರಿಕಿ ನನಗ, ನಿಮಗಲ್ಲ."

ಅವರು ಎದ್ದುಹೋಗಿ ಅನಿಲದ ಒತ್ತಡ ಇಳಿಸತೊಡಗಿದರು. ಸುರಕ್ಷತೆಯವರ ಒಪ್ಪಿಗೆ ಪಡೆದು ಗನ್ನಿಗೆ ಬೀಳುವ ಬೆಳಕಿಗೆ, ನಿಯಂತ್ರಣ ಕೋಣೆಯಿಂದಲೇ ಗುಂಡಿ ಒತ್ತಿ ಹಾಕಿ ತೆಗೆಯುವಂಥ ಒಂದು ಮುಚ್ಚಳ ಕೂರಿಸಿದೆವು. ಚಾವಿ ಇದ್ದಂತೆಯೇ ಇದ್ದರೂ ಮುಚ್ಚಳ ಹಾಕಿದರೆ ನನ್ನ ಎಲೆಕ್ಟ್ರಾನು ಹೊರಡುವುದಿಲ್ಲ. ದಿನವೂ ಬೆಳಿಗ್ಗೆ ಮೊದಲ ಶಾಟ್ ಮುಚ್ಚಳ ಹಾಕಿ ಹೊಡೆಯಬೇಕೆಂದು ಗೋಡೆಗೆ ಬರೆದೆವು. ಅದಕ್ಕೆ ಖಾಲಿ ಶಾಟ್ ಎಂದು ಹೆಸರಾಯಿತು. ನೀವು ಸೇರಿದಾಗ ಈಗಲೂ ಅದೇ ಪದ್ಧತಿ ಇರುತ್ತದೆ, ಯಾಕೆಂದು ಯಾರೂ ಹೇಳದಿದ್ದರೆ ಇದೇ ಕಾರಣ.

ಒತ್ತಡ ಇಳಿಸಿದಷ್ಟೂ ಚುಕ್ಕಿ ಮಂಕಾಗುತ್ತ ಬಂತು. ಅನಿಲ ತೆಳುವಾದರೆ ಲೇಸರು ಕೊಳವೆಯಲ್ಲಿ ನೆಟ್ಟಗೆ ಸಾಗುವುದೂ ಕಷ್ಟ, ಸಾಬ್ರು ಅದರ ಹಿಂದೆ ಬಿದ್ದರು. ಕೊನೆಗೊಂದು ಬೆಳಿಗ್ಗೆ ಶಾಟ್ ಮೇಲೆ ಶಾಟ್ ಹೊಡೆದರೂ ಪರದೆ ಕಪ್ಪಗೇ ಇತ್ತು. ಲೇಸರು ನೆಟ್ಟಗೆ ಆಚೆ ಬರುತ್ತಿತ್ತು, ಅಲೆ ಏಳುತ್ತಿತ್ತು, ಎಲೆಕ್ಟ್ರಾನು ಮಾತ್ರ ಒಂದೂ ಇಲ್ಲ. ನಾವಿಬ್ಬರೂ ಚಪ್ಪಾಳೆ ತಟ್ಟಿ ಕುಣಿದೆವು. ಲೆಕ್ಕಪತ್ರದವರು ಸದ್ದು ಕೇಳಿ, ಪೇಢೆ ಇರಬಹುದೆಂದು ಬಂದರು. ಕಪ್ಪು ಪರದೆ ನೋಡಿ, "ಏನೂ ಇಲ್ಲಲ್ರಿ?" ಎಂದರು. "ಅದಕ್ಕ ಖುಷಿರಿ!" ಎಂದೆ. ಅವರು ಹುಷಾರಾಗಿ ಹಿಂದೆ ಸರಿದರು.

ಇನ್ನು ಉಳಿದದ್ದು ಸಮಯದ ಹುಡುಕಾಟ. ಈಗಿನವರು ಅದೃಷ್ಟವಂತರು. ಕಂಪ್ಯೂಟರಿಗೆ ಬಿಟ್ಟುಬಿಟ್ಟರೆ ಅದೇ ಅಯಸ್ಕಾಂತಗಳನ್ನೂ ಸಮಯವನ್ನೂ ಹೊಂದಿಸುತ್ತ, ತಪ್ಪಿದರೆ ಕಲಿತು, ಮತ್ತೆ ಹೊಂದಿಸುತ್ತದೆ. ನಾವು ಗುಂಡಿ ತಿರುವಿ, ಶಾಟ್ ಹೊಡೆದು, ನೋಡಿ, ಮತ್ತೆ ಕೂದಲೆಳೆಯಷ್ಟು ತಿರುವುತ್ತಿದ್ದೆವು. ಆಗ ಬೇಸಿಗೆ. ನಮ್ಮ ಕಡೆ ಬಿಸಿಲಿಗೆ ಕಚೇರಿಗಳ ವೇಳೆ ಬದಲಾಗುತ್ತದಲ್ಲ, ನಮ್ಮಲ್ಲೂ ಬೆಳಿಗ್ಗೆ ಬೇಗ ಶುರು ಮಾಡಿ ಮಧ್ಯಾಹ್ನಕ್ಕೆ ಮುಗಿಸುತ್ತಿದ್ದೆವು. ಒಂದು ಬೆಳಿಗ್ಗೆ ಸಿಕ್ಕಿತು! ಮುಚ್ಚಳ ತೆಗೆದರೆ ಚುಕ್ಕಿ, ಸಣ್ಣದು, ಸೂಜಿಯಿಂದ ಚುಚ್ಚಿದಂತೆ. ಮುಚ್ಚಳ ಹಾಕಿದರೆ ಕಪ್ಪು. ಸರ್‌ಗೆ ಫೋನು ಮಾಡಲು ಓಡಿದೆ. ಅವರು ಯಾದಗಿರಿಯಿಂದ ಬರುವ ಹೊತ್ತಿಗೆ ಬಿಸಿಲು ಏರಿತ್ತು, ಚುಕ್ಕಿ ಇರಲಿಲ್ಲ.

ಮರುದಿನವೂ ಹಾಗೇ. ಬೆಳಿಗ್ಗೆ ಹುಡುಕಿದರೆ ಸಿಗುವುದು, ಮಧ್ಯಾಹ್ನ ಹೊತ್ತಿಗೆ ಮಾಯ. ಸಮಿತಿಯವರು ಬೆಳಿಗ್ಗೆ ಹೈದರಾಬಾದಿನಿಂದ ಹೊರಟು ನಮ್ಮಲ್ಲಿಗೆ ಬರುವುದೇ ಮಧ್ಯಾಹ್ನ! ಸರ್ ಬಾಯಿಬಿಟ್ಟು ಹೇಳಲಿಲ್ಲ, ಆದರೆ ನನ್ನ ಮಾತು ನಂಬುವುದನ್ನು ಬಿಟ್ಟಿದ್ದರು, ಮುಖ ನೋಡಿದರೆ ಗೊತ್ತಾಗುತ್ತಿತ್ತು.

ನಾನು ಸಿಟ್ಟನ್ನೆಲ್ಲ ಮೆಹಬೂಬ್ ಸಾಬ್ರ ಮೇಲೆ ತೀರಿಸಿಕೊಂಡೆ. "ನಿಮ್ಮ ಲೇಸರ್ ಬಿಸಲಿಗೆ ಸರೀತದ್ರಿ!"

"ನನ್ನ ಲೇಸರ್ ಎಸಿಯೊಳಗ ಕುಂತದ. ನಿಮ್ಮ ಗನ್ನ ನೋಡ್ಕೋರಿ ಮೊದಲ."

"ನನ್ನ ಗನ್ನೂ ಎಸಿಯೊಳಗ ಅದ!"

"ಹಂಗಾರ ಯಾರ್ ಬಿಸಲಾಗ ಅದಾರ್ರಿ?"

ನನಗೆ ರೇಗಿಹೋಯಿತು. ಎದ್ದು ಹೊರಗೆ ನಡೆದೆ. ಹಾಲ್‌ನೊಳಗೆ ಧೂಳು ಹೋಗಬಾರದೆಂದು ಚಪ್ಪಲಿ ಬಾಗಿಲಲ್ಲೇ ಬಿಡುವುದು ನಮ್ಮ ರೂಢಿ. ಸಿಟ್ಟಿನಲ್ಲಿ ಚಪ್ಪಲಿ ಮೆಟ್ಟದೆ ಲೇಸರು ಹುಟ್ಟುವ ಕಟ್ಟಡದಿಂದ ಇಂಜೆಕ್ಟರ್ ಇರುವ ಹಾಲ್‌ನ ಕಟ್ಟಡಕ್ಕೆ ಬರಿಗಾಲಲ್ಲಿ ಹೊರಟೆ. ನಡುವೆ ಶಹಾಬಾದಿ ಫರ್ಸಿಕಲ್ಲು ಹಾಸಿದ ದಾರಿ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅಂಗಾಲು ಸುಟ್ಟು ಕುಣಿಯುವಂತಾಯಿತು. ಕುಣಿಯುತ್ತ ಕುಣಿಯುತ್ತ ಅಲ್ಲೇ ನಿಂತುಬಿಟ್ಟೆ. ಈ ಫರ್ಸಿಯ ಕೆಳಗೇ ನಮ್ಮ ಸಮಯದ ಕೇಬಲ್ಲು ಇರುವುದು! ಲೇಸರು ಹೊರಡುವ ಹೊತ್ತನ್ನು ಗನ್ನಿಗೆ ತಿಳಿಸುವುದು ಆ ಕೇಬಲ್ಲು. ಕಾದರೆ ಅದು ಹಿಗ್ಗುತ್ತದೆ, ಸುದ್ದಿ ತಡವಾಗಿ ಮುಟ್ಟುತ್ತದೆ, ಬಸ್ಸು ಹೋಗಿಬಿಟ್ಟಿರುತ್ತದೆ.

"ಸಾಬ್ರ! ಫರ್ಸಿ! ಫರ್ಸಿ ಕೆಳಗಿನ ಕೇಬಲ್ರಿ!" ಎಂದು ಒಂಟಿಗಾಲಲ್ಲಿ ನಿಂತು ಕೂಗಿದೆ.

ಸಾಬ್ರು ಓಡಿಬಂದು, ಒಂದು ಸಲ ಫರ್ಸಿ ಮುಟ್ಟಿ ಕೈ ಹಿಂದೆಳೆದುಕೊಂಡು, "ಯಾ ಅಲ್ಲಾ" ಎಂದವರೇ ನಗತೊಡಗಿದರು. ಕಟ್ಟಡ ಕಟ್ಟಿದವರು ಎರಡೂ ಕಡೆ ಎಸಿ ಹಾಕಿ, ನಡುವೆ ಕೇಬಲ್ ಹಾಯುವ ಕಾಲುವೆಗೆ ಅಗ್ಗದ ಫರ್ಸಿ ಮುಚ್ಚಿ ಹೋಗಿದ್ದರು. ನಮ್ಮ ಕಡೆ ಮನೆ, ಅಂಗಳ, ಗಟಾರ ಎಲ್ಲಕ್ಕೂ ಅದೇ ಫರ್ಸಿ. ದಿನಾ ಅದರ ಮೇಲೇ ಓಡಾಡುವ ನಮಗೆ ಅದು ಕಣ್ಣಿಗೇ ಬಿದ್ದಿರಲಿಲ್ಲ.

ಕೇಬಲ್ ಬದಲಿಸಲು ವೇಳೆ ಇರಲಿಲ್ಲ. ಗೋಣಿಚೀಲ ತರಿಸಿ, ನೀರಿನಲ್ಲಿ ನೆನೆಸಿ, ಫರ್ಸಿಯ ಮೇಲೆ ಉದ್ದಕ್ಕೂ ಹಾಸಿದೆವು. ಒಣಗುವ ಮೊದಲೇ ಮತ್ತೆ ನೀರು. ಸರ್ ಬಂದು ನೋಡಿ, "ಇಷ್ಟು ನಾಜೂಕಿನ ಯಂತ್ರಕ್ಕೆ ಒದ್ದೆ ಗೋಣಿಚೀಲವೇ?" ಎಂದು ಹಣೆ ಒತ್ತಿಕೊಂಡರು. ಅವತ್ತು ಮಧ್ಯಾಹ್ನ ಚುಕ್ಕಿ ಅಲ್ಲೇ ಇತ್ತು. ಸರ್ ಅದನ್ನು ನೋಡಿದವರೇ ಹೊರಗೆ ಹೋಗಿ, ತಾವೇ ಒಂದು ಕೊಡ ನೀರು ತಂದು ಗೋಣಿಚೀಲದ ಮೇಲೆ ಸುರಿದರು.

ಸಮಿತಿ ಬಂತು. ಊಟ ಮುಗಿಸಿ ನಿಯಂತ್ರಣ ಕೋಣೆಗೆ ಬಂದು ಕುಳಿತಾಗ ಹೊರಗೆ ಬಿಸಿಲು ಧಗಧಗ. ಅಧ್ಯಕ್ಷರು ಹಿರಿಯರು, ಮುಖದಲ್ಲಿ ಏನೂ ತೋರಿಸದ ಮನುಷ್ಯ. ಅಧ್ಯಕ್ಷರು ಮೊದಲ ಮಾತಿಗೇ ಕೇಳಿದರು, "ಮುಂಚೆ ನೀವು ತಿಳಿಸಿದ್ದಿರಲ್ಲ, ಅದೇ ಬೀಮನ್ನು ತೋರಿಸುತ್ತೀರೇನು?"

ಹೌದು ಎಂದುಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ನರಸಿಂಹಮೂರ್ತಿ ಸರ್ ಎದ್ದು ನಿಂತರು. ಅವರ ದನಿ ಎಂದಿಗಿಂತ ಮೆತ್ತಗಿತ್ತು.

"ಅಲ್ಲ ಸರ್. ಅವತ್ತು ನಾವು ತಪ್ಪು ತಿಳಿದಿದ್ವಿ. ಅದು ಪ್ಲಾಸ್ಮಾದ್ದೇ ಎಲೆಕ್ಟ್ರಾನು, ಹತ್ತಿಸಿದ್ದಲ್ಲ. ಇವತ್ತು ಮೊದಲು ನಿಮಗೆ ಬರೀ ಕತ್ತಲೆ ತೋರಿಸ್ತೀವಿ."

ನಾನು ಮುಚ್ಚಳ ಹಾಕಿದೆ. ಸಾಬ್ರು ಶಾಟ್ ಹೊಡೆದರು. ಪರದೆ ಕಪ್ಪು. ಮತ್ತೊಂದು, ಕಪ್ಪು. ಸಮಿತಿಯವರೊಬ್ಬರು ಕುರ್ಚಿಯಲ್ಲಿ ಮಿಸುಕಾಡಿದರು. ನಾನು ಮುಚ್ಚಳ ತೆಗೆದೆ. ಬಿತ್ತು! ಸಣ್ಣ, ಗಟ್ಟಿ, ಹಸಿರು ಚುಕ್ಕಿ. ಹಾಕಿದೆ, ಕಪ್ಪು. ತೆಗೆದೆ, ಚುಕ್ಕಿ, ಅದೇ ಜಾಗದಲ್ಲಿ. ಅಧ್ಯಕ್ಷರು ಎದ್ದು ಬಂದು ಪರದೆಗೆ ಮೂಗು ತಾಗುವಷ್ಟು ಬಾಗಿದರು. "ಇನ್ನೊಮ್ಮೆ ಹಾಕಿ... ತೆಗೆಯಿರಿ... ಮತ್ತೆ ಹಾಕಿ." ಆಮೇಲೆ ನನ್ನ ಪಕ್ಕ ಬಂದು ಮುಚ್ಚಳದ ಗುಂಡಿಯನ್ನು ತಾವೇ ಒತ್ತಿ ನೋಡಿದರು.

ನೆಟ್ಟಗಾಗಿ ಸರ್ ಕಡೆ ತಿರುಗಿದರು. "ಈ ಯಂತ್ರ ತೆಗೆಯಲು ಒಪ್ಪಿಗೆ ಬೇಕೆಂದು ಕೇಳಿದ್ದವರು ನೀವೇ ಅಲ್ಲವೇ?"

"ಕೇಳಿದ್ದೆ ಸರ್," ಎಂದರು ನಮ್ಮ ಸರ್. "ಈಗ ನನ್ನನ್ನ ಬೇಕಾದರೆ ತೆಗೀರಿ. ಅದು ಇರಲಿ."

ಅಧ್ಯಕ್ಷರು ಪ್ರಸ್ತಾಪದ ಹಾಳೆ ಮಡಚಿ ಸರ್ ಕೈಗೇ ಹಿಂದಿರುಗಿಸಿದರು. ನಾನು ಅಲ್ಲೇ, ಸಮಿತಿಯ ಎದುರಿಗೇ, ಜೋರಾಗಿ ಅತ್ತುಬಿಟ್ಟೆ. ಮೆಹಬೂಬ್ ಸಾಬ್ರು ಬಾಗಿ ಕಿವಿಯ ಹತ್ತಿರ, ಅವರ ಜೀವನದಲ್ಲೇ ಮೊದಲ ಸಲ ಮೆಲ್ಲಗೆ ಹೇಳಿದರು. "ಚುಕ್ಕಿ ನಿಮ್ದರಿ ಬಾಯಾರ. ಮುಚ್ಚಳ ತೆಗೀರಿ, ಶಾಟ್ ತಯಾರ್ ಅದ."